ಹದಿನಾರು ಪುಟದ ಸಂಸಾರ

ನಿಂತುಕೊಂಡೇ ನಿದ್ದೆ ಮಾಡುವ ವಿದ್ಯೆ ಕುದುರೆಗೆ ಮಾತ್ರ ಗೊತ್ತು ಎಂದುಕೊಂಡವರು ಮಂಪರಪ್ಪನವರನ್ನು ನೋಡಿರಲಿಕ್ಕಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ, ಬಂದರೂ ಅವರು ತಿರುಗಿ ನೋಡುತ್ತಿರಲಿಲ್ಲ. ಪ್ರೆಸ್ಸಿನ ಮಡಚುವ ಕೋಣೆಯಲ್ಲಿ, ಕಿಟಕಿಯ ಪಕ್ಕದ ಉದ್ದ ಮೇಜಿನ ಮುಂದೆ ಅವರು ನಿಂತರೆಂದರೆ ಕಣ್ಣು ಅರ್ಧ ಮುಚ್ಚುತ್ತಿತ್ತು, ಕೈ ಎರಡೂ ಎಚ್ಚರಾಗುತ್ತಿದ್ದವು. ಚಾದರದಷ್ಟು ಅಗಲದ ಹಾಳೆ, ಅದರ ಎರಡೂ ಮುಖಕ್ಕೆ ಎಂಟೆಂಟು ಪುಟ ಅಚ್ಚಾಗಿರುತ್ತದೆ. ಅದನ್ನು ಮೂರು ಸಲ ಮಡಚಿ, ಮರದ ಪಟ್ಟಿಯಿಂದ ಉಜ್ಜಿ ಪಕ್ಕಕ್ಕಿಟ್ಟರೆ ಒಂದು ಫಾರಂ ಆಯಿತು. ಇಂಥ ಫಾರಂಗಳನ್ನು ಜೋಡಿಸಿ ಹೊಲಿದರೆ ಪುಸ್ತಕ.

ಮಡಚುವ ಕೋಣೆಗೆ ಒಂದೇ ಒಂದು ಶಾಸ್ತ್ರ ಇತ್ತು: ಮಡಚುವವನು ಮೂಲೆ ನೋಡಬೇಕು, ಅಕ್ಷರ ನೋಡಬಾರದು. ಅಕ್ಷರ ನೋಡಿದವನ ಕೈ ತಪ್ಪುತ್ತದೆ. ಬೇರೆಯವರು ಕದ್ದುಮುಚ್ಚಿ ಅಲ್ಲೊಂದು ಇಲ್ಲೊಂದು ಸಾಲು ಓದುತ್ತಿದ್ದರು. ಮಂಪರಪ್ಪ ಮಾತ್ರ ಈ ಶಾಸ್ತ್ರವನ್ನು ವ್ರತದಂತೆ ಪಾಲಿಸಿದರು. ಕಾವ್ಯ, ಕಾನೂನು, ಹೆರಿಗೆಯ ಮುಂಚಿನ ಜೋಪಾನ, ಎಲ್ಲವೂ ಅವರ ಕೈಯಲ್ಲಿ ಹಾದುಹೋದವು, ಒಂದೂ ತಲೆಯೊಳಗೆ ಹೊಕ್ಕಲಿಲ್ಲ. ಕೈ ಮಡಚುತ್ತಿದ್ದರೆ ಮನಸ್ಸು ದೋಣಿಯಲ್ಲಿ ಕೂತು ಎಲ್ಲಿಗೋ ಹೋಗಿರುತ್ತಿತ್ತು. ಮಧ್ಯಾಹ್ನದ ಗಂಟೆ ಹೊಡೆದಾಗ ಅದು ದಡಕ್ಕೆ ಬರುತ್ತಿತ್ತು, ಉಂಡು ಮತ್ತೆ ಹೊರಡುತ್ತಿತ್ತು.

ಇಂಥವರ ಮನೆಯಲ್ಲಿ ಪುಸ್ತಕದ ಹುಚ್ಚಿನ ಮಗಳು ಹುಟ್ಟಿದ್ದು ದೇವರ ತಮಾಷೆ. ಆಗ ಊರಿನ ಹುಡುಗ ಹುಡುಗಿಯರಿಗೆಲ್ಲ ಹಿಡಿದಿದ್ದದ್ದು ಮೂರು ಭಾಗಗಳ ಒಂದು ಪ್ರೇಮ ಕಾದಂಬರಿ. ಮುಂದೆ ಯಾವುದೋ ಕಾಲದ ಒಂದು ನಗರ. ಕನಸು ಕಂಡವರು ಹೇಳಿದ ಮಾತು ಕೇಳುವುದಿಲ್ಲ ಎಂದು ಅಲ್ಲಿನ ಒಡೆಯರು ನಿದ್ದೆಯನ್ನೇ ನಿಷೇಧಿಸಿದ್ದಾರೆ. ಕಣ್ಣು ಮುಚ್ಚುವ ಹಕ್ಕು ಸತ್ತವರಿಗೆ ಮಾತ್ರ. ನಗರದ ದೊಡ್ಡ ಗಡಿಯಾರಕ್ಕೆ ಕೀಲಿ ಕೊಡುವ ಹುಡುಗಿ, ಕಾವಲು ಗೋಪುರದ ಹುಡುಗ, ಇಬ್ಬರೂ ಕದ್ದು ನಿದ್ದೆ ಮಾಡಿ ಒಂದೇ ಕನಸಿನಲ್ಲಿ ಭೇಟಿಯಾಗುತ್ತಾರೆ. ಎರಡನೆಯ ಭಾಗ ಮುಗಿಯುವಾಗ ಹುಡುಗಿ ಹೇಗೋ ತಪ್ಪಿಸಿಕೊಂಡು ಹೊರಗೆ ಬಂದಿದ್ದಾಳೆ, ಹುಡುಗ ಒಳಗೇ ಉಳಿದಿದ್ದಾನೆ, ನಡುವೆ ಕಬ್ಬಿಣದ ಗೇಟು. ಅಲ್ಲಿಗೆ ನಿಲ್ಲಿಸಿ ಲೇಖಕಿ ಒಂದು ವರ್ಷದಿಂದ ಸುಮ್ಮನೆ ಕೂತಿದ್ದರು. ಮಗಳಿಗೆ ಅನ್ನ ಸೇರುತ್ತಿರಲಿಲ್ಲ.

ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಕನ್ನಡಕದ ಅಂಗಡಿಯವನು. ಅವನಿಗೂ ಅದೇ ಕಾದಂಬರಿಯ ಹುಚ್ಚು; ಅವನ ಕಣ್ಣಿನ ನಂಬರು ಏರಿದ್ದೇ ಎರಡನೆಯ ಭಾಗವನ್ನು ಆರು ಸಲ ಓದಿ. ಮೂರನೆಯ ಭಾಗ ‘ಎಲ್ಲರೂ ಮಲಗಿದ ದಿನ’ ಬಂದಮೇಲೆ ಇಬ್ಬರೂ ಒಟ್ಟಿಗೆ ಕೂತು ಓದಬೇಕು, ಆಮೇಲೆ ಮದುವೆ ಎಂದು ಅವರವರಲ್ಲೇ ಮಾತಾಗಿತ್ತು.

ಒಂದು ಭಾನುವಾರ ಬೀಗರು ಮಗನನ್ನು ಕರೆದುಕೊಂಡು ಚಹಾಕ್ಕೆ ಬಂದರು. ಬೀಗಿತ್ತಿ ಮಾತಿನ ಮಲ್ಲಿ, ಬೀಗರು ಬಾಯಿಗೆ ಬೀಗ ಹಾಕಿಕೊಂಡವರು. ಬೀಗಿತ್ತಿ ಬಿಸ್ಕತ್ತು ಮುರಿಯುತ್ತಾ ಕೇಳಿದರು: “ತಾವು ಪ್ರೆಸ್ಸಲ್ಲಿ ಅಂತ ಕೇಳಿದ್ವಿ. ಅಲ್ಲಿ ಏನು ಕೆಲಸ?”

ಮಂಪರಪ್ಪ ಬಾಯಿ ತೆರೆಯುವುದರೊಳಗೆ ಮಗಳು ನಡುವೆ ಬಂದಳು. “ಅಪ್ಪ ಪ್ರಕಾಶನದ ಕಡೆ ಎಲ್ಲಾ ನೋಡ್ಕೋತಾರೆ.”

ಮಡಚುತ್ತೇನೆ ಎನ್ನುವ ಮಾತು ಅವರ ಬಾಯಲ್ಲೇ ಉಳಿಯಿತು. ಮಗಳಿಗೆ ತನ್ನ ಕೆಲಸ ನಾಚಿಕೆ ಎಂಬುದು ಅವರಿಗೆ ಆ ತನಕ ಹೊಳೆದಿರಲಿಲ್ಲ. ಆದರೆ ಮಗಳು ಅಷ್ಟೆತ್ತರಕ್ಕೆ ಏರಿಸಿದ ಮೇಲೆ ಇಳಿಯುವುದು ಹೇಗೆ? ಅವರು ಗಂಟಲು ಸರಿಮಾಡಿಕೊಂಡು ಅಂದರು: “ಆ ಮೂರನೇ ಭಾಗ ಇದ್ಯಲ್ಲ, ಅದರ ಕೊನೆ ನನ್ನ ಕೈಲೇ ಇರೋದು.”

ಇದು ನೂರಕ್ಕೆ ನೂರು ನಿಜ. ಆ ಭಾಗ ಈಗ ಇವರ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿತ್ತು; ಗುಟ್ಟು ಹೊರಗೆ ಹೋಗಬಾರದೆಂದು ಪ್ರಕಾಶಕರು ಒಂದೊಂದು ಫಾರಂ ಒಬ್ಬೊಬ್ಬರಿಗೆ ಹಂಚಿಸಿದ್ದರು. ಕೊನೆಯ ಫಾರಂ ಯಾರಿಗೆ ಎಂದು ಮೇಸ್ತ್ರಿ ಯೋಚಿಸಲೇ ಇಲ್ಲ. “ಮಂಪರಪ್ಪಂಗೆ ಕೊಟ್ರೆ ಗೋಡೆಗೆ ಕೊಟ್ಟ ಹಾಗೆ” ಎಂದು ಹಾಳೆಗಳನ್ನು ಅವರ ಮೇಜಿಗೆ ತಳ್ಳಿದ್ದರು.

ಕನ್ನಡಕದ ಹುಡುಗ ಎದ್ದು ನಿಂತ. “ಮಾವ, ಹಾಗಾದ್ರೆ ಅವನು ಬದುಕ್ತಾನಾ?”

“ಬರೋ ಭಾನುವಾರ ಹೇಳ್ತೀನಿ” ಎಂದರು ಮಂಪರಪ್ಪ, ಪ್ರಕಾಶನದ ಗತ್ತಿನಲ್ಲಿ. ಆ ದಿನ ಮಗಳು ಎರಡನೆಯ ಸುತ್ತಿನ ಚಹಾವನ್ನು ಮೊದಲು ಅಪ್ಪನ ಲೋಟಕ್ಕೆ ಬಗ್ಗಿಸಿದಳು. ಆ ಒಂದು ಲೋಟ ಚಹಾಕ್ಕಾಗಿ ಅವರು ಗೋಪುರವನ್ನೇ ಹತ್ತುತ್ತಿದ್ದರು, ಬರಿ ಓದುವುದೇನು ಮಹಾ.

ಮರುದಿನ ಊಟದ ಗಂಟೆ ಹೊಡೆದು ಯಂತ್ರಗಳು ನಿಂತವು. ಎಲ್ಲರೂ ಡಬ್ಬಿ ಹಿಡಿದು ಹೊರಗೆ ಹೋದರು. ಕಿಟಕಿಯ ಬಿಸಿಲಲ್ಲಿ ಕಾಗದದ ಧೂಳು ಕೆಳಗೂ ಇಳಿಯದೆ ಮೇಲೂ ಏರದೆ ತೇಲುತ್ತಿತ್ತು. ಮಂಪರಪ್ಪ ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿ, ಬದುಕಿನಲ್ಲಿ ಮೊದಲ ಸಲ ಮೂಲೆ ಬಿಟ್ಟು ಅಕ್ಷರ ನೋಡಿದರು.

ತಮ್ಮ ಕಡೆಗೆ ಮುಖ ಮಾಡಿದ್ದ ನಾಲ್ಕು ಪುಟಗಳನ್ನು ಎಡದಿಂದ ಬಲಕ್ಕೆ ಓದಿದರು. ಆಚೆ ಸಾಲಿನ ನಾಲ್ಕು ತಲೆಕೆಳಗಾಗಿದ್ದವು. ಅದರಲ್ಲೇನು, ಮೇಜು ಸುತ್ತಿ ಆ ಕಡೆ ಹೋಗಿ ನಿಂತು ಅವನ್ನೂ ಓದಿದರು. ಹಾಳೆ ಮಗುಚಿದರೆ ಟಪಟಪ ಸದ್ದಾಗುತ್ತದೆ, ಮೇಸ್ತ್ರಿ ಬಂದುಬಿಡುತ್ತಾರೆ, ಹಾಗಾಗಿ ಕೆಳಗಿನ ಮುಖದ ಸುದ್ದಿಗೆ ಹೋಗಲಿಲ್ಲ. ಹಾಳೆಯ ಮೇಲೆ ಪುಟಗಳು ಅಕ್ಕಪಕ್ಕದ ಮನೆಗಳ ಹಾಗೆ ಸಾಲಾಗಿ ಇರುವುದಿಲ್ಲ, ಮಡಚಿದ ಮೇಲೇ ಅವು ಒಂದರ ಹಿಂದೆ ಒಂದು ಬರುತ್ತವೆ ಎಂಬುದು ಅವರ ಕೈಗೆ ಬಹಳ ಚೆನ್ನಾಗಿ ಗೊತ್ತಿತ್ತು. ತಲೆಗೆ ಯಾರೂ ಹೇಳಿರಲಿಲ್ಲ. ಪುಟದ ಸಂಖ್ಯೆ ನೋಡುವುದು ಮೇಸ್ತ್ರಿಯ ಕೆಲಸ. ಇನ್ನೊಬ್ಬರ ಕೆಲಸಕ್ಕೆ ಕೈ ಹಾಕುವ ಜಾಯಮಾನ ಇವರದಲ್ಲ.

ಒಂದು ಪುಟ ವಾಕ್ಯದ ನಡುವೆ ಮುಗಿಯುತ್ತಿತ್ತು, ಮುಂದಿನದು ಇನ್ನಾವುದೋ ವಾಕ್ಯದ ನಡುವೆ ಶುರುವಾಗುತ್ತಿತ್ತು. ಗೇಟಿನ ಮುಂದೆ ನಿಂತವರು ಒಮ್ಮೆಲೇ ಮದುವೆಯ ಚಪ್ಪರದಲ್ಲಿ ಇರುತ್ತಿದ್ದರು. ಮಂಪರಪ್ಪನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಅವರ ಸ್ವಂತ ಕನಸುಗಳೂ ಹೀಗೇ ನಡೆಯುತ್ತಿದ್ದವು. ಆ ಲೇಖಕಿ ಬಹಳ ಬಲ್ಲವರು ಎಂದು ಗೌರವ ಹುಟ್ಟಿತು. ಓದಿ ಮುಗಿಸಿ, ಕಣ್ಣೊರೆಸಿಕೊಂಡು, ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. ಮಧ್ಯಾಹ್ನವಿಡೀ ಅವರ ದೋಣಿಯ ಪಕ್ಕದಲ್ಲಿ ಒಂದು ಉದ್ದನೆಯ ಪೆಟ್ಟಿಗೆ ತೇಲುತ್ತಾ ಬರುತ್ತಿತ್ತು.

ಭಾನುವಾರ ಬೀಗರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಮಂಪರಪ್ಪನವರ ಅಕ್ಕ ಗೋಡೆಗೊರಗಿ ಕೂತರು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತರು. ಕಿಟಕಿಯ ಹೊರಗೆ ಪಕ್ಕದ ಮನೆಯ ದರ್ಜಿ ಮತ್ತವನ ಹೆಂಡತಿ, ಯಾವುದೋ ಬಟ್ಟೆ ಒಣಗಿದೆಯಾ ಎಂದು ಬಹಳ ಹೊತ್ತಿನಿಂದ ಮುಟ್ಟಿ ನೋಡುತ್ತಿದ್ದರು.

“ಇಬ್ಬರೂ ಗೇಟಿನ ಹತ್ರ ಬರ್ತಾರೆ” ಎಂದು ಶುರುಮಾಡಿದರು ಮಂಪರಪ್ಪ. “ಸರಳಿನ ಸಂದಿಯಿಂದ ಕೈ ಹಿಡ್ಕೋತಾರೆ.”

ಮಗಳು ಕನ್ನಡಕದ ಹುಡುಗನನ್ನು ನೋಡಿದಳು. ಅವನು ಕನ್ನಡಕ ಒರೆಸಿಕೊಂಡ.

“ಆಮೇಲೆ ಮದುವೆ ಆಗುತ್ತೆ.”

“ಇಷ್ಟು ಬೇಗ!” ಎಂದು ಬೀಗಿತ್ತಿ ಸಂತೋಷದಿಂದ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು. “ಮುಂದೆ?”

“ಮುಂದೆ ಅವಳು ದಿನಾ ಕಿಟಕಿ ಹತ್ರ ಕೂತು ಕಾಯ್ತಾಳೆ. ಅವನು ಬರಲ್ಲ.”

“ಓವರ್‌ಟೈಮ್ ಅಂದಿರ್ತಾನೆ” ಎಂದಿತು ಅಡುಗೆಮನೆ ಬಾಗಿಲು.

“ಆಮೇಲೆ ದೊಡ್ಡ ಜಗಳ.”

“ಆಗದೆ ಇನ್ನೇನು” ಎಂದರು ಅಕ್ಕ, ತಲೆದೂಗುತ್ತಾ. “ಹೇಳು, ಹೇಳು. ಚೆನ್ನಾಗಿದೆ.”

“ಜಗಳ ಆಗಿ, ಅವನು ಜೇಬಿಂದ ಒಂದು ಸಣ್ಣ ಬಾಟ್ಲಿ ತೆಗೆದು ಗಟಗಟ ಅಂತ ಕುಡಿದುಬಿಡ್ತಾನೆ.”

ಬೀಗಿತ್ತಿ ನಿಧಾನವಾಗಿ ತಿರುಗಿ ಬೀಗರನ್ನು ನೋಡಿದರು. ಬೀಗರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

“ಕುಡಿದು, ಕಟ್ಕೊಂಡ ಹೆಂಡತಿ ಮುಖಾನೇ ನೋಡಿ ‘ನೀನು ಯಾರು?’ ಅಂತ ಕೇಳ್ತಾನೆ.”

“ನಮ್ಮನೇಲಿ ಆದದ್ದು ಇವರಿಗೆ ಹೇಗೆ ಗೊತ್ತಾಯ್ತು?” ಎಂದು ಕಿಟಕಿಯಾಚೆ ದರ್ಜಿಯ ಹೆಂಡತಿಯ ದನಿ ಕೇಳಿಸಿತು.

“ಅವಳು ಗೋಳೋ ಅಂತ ಅಳ್ತಾಳೆ. ಆಮೇಲೆ ನಾಲ್ಕು ಜನ ಅವನನ್ನ ಪೆಟ್ಟಿಗೇಲಿ ಮಲಗಿಸಿ ಹೊತ್ಕೊಂಡು ಗೇಟು ದಾಟ್ತಾರೆ. ಅಷ್ಟೇ. ಮುಗೀತು.”

ಮೊದಲು ಮಾತಾಡಿದ್ದು ಅಕ್ಕ. “ಇಷ್ಟು ದಿನಕ್ಕೆ ಯಾರೋ ಒಬ್ಬರು ಸಂಸಾರ ಇದ್ದದ್ದು ಇದ್ದ ಹಾಗೆ ಬರೆದ್ರು ನೋಡು. ನಾನು ಹೇಳಿದ್ರೆ ನನ್ನ ಬಾಯಿ ಕೆಟ್ಟದ್ದು ಅಂತಿದ್ರಿ.”

ಮಗಳ ಕಣ್ಣು ತುಂಬಿತ್ತು. ಅವಳು ಕನ್ನಡಕದ ಹುಡುಗನ ಕಡೆ ತಿರುಗಿದಳು. “ನೀನೂ ಹೀಗೇನಾ?”

“ನಾನು ಕುಡಿಯೋದೇ ಇಲ್ಲ.”

“ಅವನೂ ಎರಡು ಭಾಗದಲ್ಲಿ ಒಂದು ತೊಟ್ಟು ಕುಡಿದಿರಲಿಲ್ಲ.”

ಇದಕ್ಕೆ ಉತ್ತರ ಕೊಡಲು ವಕೀಲನಾಗಿರಬೇಕು. ಹುಡುಗ ಕನ್ನಡಕ ಮಾರುವವನು. ಅವನು ಗಾಬರಿಯಲ್ಲಿ ಕನ್ನಡಕ ತೆಗೆದ, ಅದಿಲ್ಲದೆ ಅವನಿಗೆ ಎದುರಿದ್ದವರು ಹೊಗೆಯ ಹಾಗೆ ಕಾಣುತ್ತಾರೆ, “ಯಾರು, ನೀನೇನಾ ಮಾತಾಡಿದ್ದು?” ಎಂದುಬಿಟ್ಟ. ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ, ಮದುವೆ ಬೇಡ ಎಂದಳು. ಬೀಗಿತ್ತಿ, ಮಗನ ಬಗ್ಗೆ ಇಂಥ ಮಾತೇ ಎಂದು ಎದ್ದರು. ಬೀಗರನ್ನು ಎಬ್ಬಿಸಿ, ಅವರ ಜೇಬು ತಡವಿಕೊಂಡೇ ಮೆಟ್ಟಿಲು ಇಳಿದರು.

ಆ ವಾರ ಬೀದಿಯ ಗಂಡಸರಿಗೆ ಶನಿ ಹೆಗಲೇರಿತು. ದರ್ಜಿಯ ಹೆಂಡತಿ ಹೊಲಿಗೆ ಯಂತ್ರದ ಎಣ್ಣೆ ಸೀಸೆಯನ್ನೂ ಮೂಸಿ ನೋಡಿದಳು. ಕ್ಷೌರಿಕ ಕೆಮ್ಮಿನ ಔಷಧ ಕುಡಿಯಲು ಹೆದರಿ ಕೆಮ್ಮುತ್ತಲೇ ಕತ್ತರಿಸಿದ, ಗಿರಾಕಿಗಳ ಕಿವಿ ಉಳಿದದ್ದು ಅವರವರ ಪುಣ್ಯ. ಸಂಜೆ ಮನೆಗೆ ಬಂದವರೆಲ್ಲ ಬಾಗಿಲಲ್ಲೇ ಹೆಂಡತಿಯ ಹೆಸರು ಹಿಡಿದು ಕರೆದು ಗುರುತು ಸಾಬೀತು ಮಾಡಬೇಕಾಯಿತು. ಹುಡುಗ ಹುಡುಗಿಯರು ಪುಸ್ತಕದಂಗಡಿಗೆ ಹೋಗಿ, ನಮಗೆ ಆ ಪ್ರತಿ ಬೇಡ ಎಂದು ಮುಂಗಡ ವಾಪಸು ಕೇಳಿದರು.

ಗುರುವಾರ ಪುರಸಭೆಯ ಆರೋಗ್ಯಾಧಿಕಾರಿ ಮಂಪರಪ್ಪನವರ ಬಾಗಿಲು ತಟ್ಟಿದರು.

“ಈ ಮನೇಲಿ ಮದುವೆ ಗೊತ್ತಾಗಿದ್ದ ಹುಡುಗ ಏನೋ ಕುಡಿದು ಸತ್ತನಂತೆ. ಕಚೇರಿಗೆ ತಿಳಿಸಿಲ್ಲ ಯಾಕೆ?”

“ಅವನು ನಮ್ಮವನಲ್ಲ ಸ್ವಾಮಿ. ಗೋಪುರದವನು.”

“ಯಾವ ಗೋಪುರ? ನೀರಿನ ಟ್ಯಾಂಕಾ?”

“ಕಾವಲು ಗೋಪುರ. ಮುಂದಿನ ಕಾಲದಲ್ಲಿ ಬರುತ್ತೆ.”

ಆರೋಗ್ಯಾಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. “ಮುಂದೆ ಸಾಯೋನನ್ನ ಈಗಲೇ ಹೊತ್ಕೊಂಡು ಹೋದ್ರಾ?”

“ನಾಲ್ಕು ಜನ” ಎಂದು ಮಂಪರಪ್ಪ ವಿನಯದಿಂದ ಒಪ್ಪಿಕೊಂಡರು. ಅಧಿಕಾರಿ ಅವರ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಚೆನ್ನಾಗಿ ನಿದ್ದೆ ಮಾಡಿ ಎಂದು ಸಲಹೆ ಕೊಟ್ಟು ಹೋದರು. ಬದುಕಿನಲ್ಲಿ ಅವರಿಗೆ ಯಾರೂ ಕೊಡದಿದ್ದ ಸಲಹೆ ಅದು. ಆದರೆ ಆ ವಾರ ಅವರಿಗೆ ನಿದ್ದೆ ಬರಲಿಲ್ಲ. ಮುಚ್ಚಿದ ಬಾಗಿಲಾಚೆ ಮಗಳು ಮೂಗೆಳೆಯುವುದು ಕೇಳುತ್ತಿತ್ತು. ಮೇಜಿನ ಮುಂದೆ ಕಣ್ಣು ಪೂರ್ತಿ ತೆರೆದುಕೊಂಡು ನಿಂತರು, ಕೈ ತಪ್ಪತೊಡಗಿತು. ಒಂದು ಲೋಟ ಚಹಾಕ್ಕೆ ಆಸೆಪಟ್ಟು ಮಗಳ ಮದುವೆಯನ್ನೇ ಮುರಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು.

ಶುಕ್ರವಾರ ಪ್ರಕಾಶಕರೇ ಪ್ರೆಸ್ಸಿಗೆ ಬಂದರು. ಕೂಗಾಟ ಬಾಗಿಲಿನಿಂದಲೇ ಶುರುವಾಯಿತು.

“ನಮ್ಮ ಹುಡುಗ ಕುಡುಕ ಅಂತ ಯಾರ್ರೀ ಹೇಳಿದ್ದು? ಅವನು ಸಾಯೋದೇ ಇಲ್ಲ! ಲೇಖಕಿ ಫೋನ್ ಮಾಡಿ, ನನ್ನ ಕೊನೇ ಅಧ್ಯಾಯ ಬದಲಾಯಿಸಿದ್ದು ಯಾರು ಅಂತ ಅಳ್ತಿದ್ದಾರೆ!”

ಮೇಸ್ತ್ರಿ ಎದೆ ಉಬ್ಬಿಸಿ ಅಂದರು: “ಸರ್, ಕೊನೇ ಫಾರಂ ಇರೋದು ಮಂಪರಪ್ಪನ ಹತ್ರ. ಅಲ್ಲಿಂದ ಒಂದಕ್ಷರ ಹೊರಗೆ ಹೋಗಲ್ಲ. ಬೇಕಾದ್ರೆ ಅವನನ್ನೇ ಕೇಳಿ.”

ಕೇಳಿದರು. ಮಂಪರಪ್ಪನವರಿಗೆ ಸುಳ್ಳು ಹೇಳುವಷ್ಟು ಎಚ್ಚರ ಯಾವತ್ತೂ ಇರಲಿಲ್ಲ. “ನಾನೇ ಓದಿದ್ದು ಸರ್. ಇದ್ದದ್ದನ್ನೇ ಹೇಳಿದೆ. ತಾವೇ ನೋಡಿ” ಎಂದು ಹಾಳೆ ಹರಡಿದರು. ಗೇಟಿನ ಪುಟಕ್ಕೆ ಬೆರಳಿಟ್ಟರು, ಪಕ್ಕಕ್ಕೆ ಸರಿದು ಮದುವೆ ತೋರಿಸಿದರು, ಕಿಟಕಿ ತೋರಿಸಿದರು, ಜಗಳ ತೋರಿಸಿದರು. ಆಮೇಲೆ ಗಂಭೀರವಾಗಿ ಮೇಜು ಸುತ್ತಿ ಆ ಕಡೆ ಹೋಗಿ ಬಾಟ್ಲಿಗೆ ಬೆರಳಿಟ್ಟರು. ಪ್ರಕಾಶಕರೂ ಮೇಸ್ತ್ರಿಯೂ ಒಬ್ಬರ ಹಿಂದೆ ಒಬ್ಬರು ಪ್ರದಕ್ಷಿಣೆ ಬಂದರು.

ಮೇಸ್ತ್ರಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬಾಯಿ ಸೊಟ್ಟಗಾಯಿತು. “ಮಾರಾಯ, ಇಷ್ಟು ವರ್ಷ ಏನು ಮಡಚ್ತಾ ಇದ್ದೆ ನೀನು? ಮಡಚು ಇದನ್ನ.”

ಮಂಪರಪ್ಪ ಕಣ್ಣು ಅರ್ಧ ಮುಚ್ಚಿದರು. ಕೈ ತಾನಾಗಿ ಮೂರು ಸಲ ಮಡಚಿತು. ಮೇಸ್ತ್ರಿ ಅಂಚುಗಳನ್ನು ಚಾಕುವಿನಿಂದ ಸೀಳಿ ಕೈಗಿಟ್ಟರು. ಪುಟ ತಿರುಗಿಸಿದರೆ ಗೇಟು ಮೊದಲು ಬಂತು, ಜಗಳ ಅದರ ಹಿಂದೆ, ಮದುವೆ ಎಲ್ಲೋ ಕೊನೆಗೆ ಹೋಗಿ ಕೂತಿತ್ತು. ಹಾಳೆಯ ಕೆಳಮುಖದಲ್ಲಿ ಅಡಗಿದ್ದ ಎಂಟು ಪುಟಗಳು ನಡುನಡುವೆ ಎದ್ದು ನಿಂತಿದ್ದವು. ಮಂಪರಪ್ಪ ತಮ್ಮ ಕೈಗಳನ್ನು ಯಾರದೋ ಕೈಗಳ ಹಾಗೆ ನೋಡಿಕೊಂಡರು.

“ಸರ್, ನನ್ನ ಕೆಲಸ ಹೋದ್ರೂ ಪರವಾಗಿಲ್ಲ” ಎಂದರು. “ಇದೊಂದು ಫಾರಂ ಮನೆಗೆ ಕೊಡಿ. ಮಗಳ ಮದುವೆ ನಿಂತಿದೆ.”

ಪ್ರಕಾಶಕರು ಲೆಕ್ಕ ಬಲ್ಲವರು. ಅಂಗಡಿಗಳಿಂದ ವಾಪಸು ಹೋಗುತ್ತಿದ್ದ ಮುಂಗಡಗಳು ಅವರ ಕಣ್ಮುಂದೆ ಬಂದವು. “ಒಯ್ಯಿರಿ. ಆದ್ರೆ ನೀವು ಓದಬೇಡಿ, ಬೇರೆ ಯಾರಾದ್ರೂ ಓದಲಿ” ಎಂದರು.

ಭಾನುವಾರ ಮಂಪರಪ್ಪ ತಾವೇ ಕನ್ನಡಕದ ಹುಡುಗನ ಮನೆಗೆ ಹೋಗಿ, ಬಾಗಿಲಲ್ಲಿ ಕೈಮುಗಿದು, ಮೂವರನ್ನೂ ಕರೆದುಕೊಂಡು ಬಂದರು. ಮಗಳ ಕೋಣೆಯ ಬಾಗಿಲಿಗೆ ಬಾಯಿಟ್ಟು ಹೇಳಿದರು: “ನಾನು ಓದಿದ್ದು ಹಾಳೆ ಕಣೇ, ಪುಸ್ತಕ ಅಲ್ಲ. ನಾನು ಪ್ರಕಾಶನ ಗಿಕಾಶನ ಏನೂ ಅಲ್ಲ, ಮಡಚೋನು. ಮಡಚೋಕೆ ಮುಂಚೆ ಓದಿಬಿಟ್ಟೆ. ಬಾ, ಸರಿಯಾಗಿದ್ದದ್ದನ್ನ ತಂದಿದ್ದೀನಿ.”

ಬಾಗಿಲು ತೆರೆಯಿತು. ಮಧ್ಯಾಹ್ನದ ಊಟ ಆಗಿತ್ತು. ಪರದೆ ಎಳೆದ ಕೋಣೆಯಲ್ಲಿ ಬೆಳಕು ನೀರಿನ ಹಾಗೆ ಅಲುಗುತ್ತಿತ್ತು. ಮಗಳು ಓದತೊಡಗಿದಳು.

ಗೇಟಿನ ಸರಳಿನಲ್ಲಿ ಕೈ ಕೈ ಸೇರಿದವು. ಸತ್ತವರಷ್ಟೇ ಹೊರಗೆ ಬರಬಹುದಾದ್ದರಿಂದ ಗಾಢ ನಿದ್ದೆಯ ಔಷಧ ಕುಡಿಯಬೇಕೆಂದು ಹುಡುಗಿ ಸೀಸೆ ಕೊಟ್ಟಳು. ಎಚ್ಚರಾಗದಿದ್ದರೆ ಎಂದು ಹುಡುಗ ಜಗಳ ಮಾಡಿದ, ಕೊನೆಗೆ ಕುಡಿದ. ನಾಲ್ಕು ಜನ ಪೆಟ್ಟಿಗೆ ಹೊತ್ತು ಕಾವಲುಗಾರರ ಕಣ್ಮುಂದೆಯೇ ಗೇಟು ದಾಟಿಸಿದರು. ಅವಳು ಪೆಟ್ಟಿಗೆಯ ಮೇಲೆ ತಲೆಯಿಟ್ಟು ಅತ್ತಳು. ಅವನು ಕಣ್ಣು ಬಿಟ್ಟ. ಔಷಧದ ಮಂಕಿನಲ್ಲಿ ನೆನಪು ಅಳಿಸಿತ್ತು. ನೀನು ಯಾರು ಎಂದ. ಅವಳು ದಿನವೂ ಕಿಟಕಿಯ ಬಳಿ ಕೂತು, ಅವನ ನೆನಪು ಬರುವುದನ್ನು ಕಾದಳು.

“ಅಂದ್ರೆ ಬಾಟ್ಲಿ ಔಷಧದ್ದು” ಎಂದರು ಬೀಗರು. ಆ ಮನೆಯಲ್ಲಿ ಅವರು ಆಡಿದ ಮೊದಲ ಮಾತು ಅದು.

“ಸುಮ್ನಿರಿ” ಎಂದರು ಬೀಗಿತ್ತಿ, ಆದರೆ ದನಿಯಲ್ಲಿ ಮೊದಲಿನ ಖಾರ ಇರಲಿಲ್ಲ.

“ಮೊದಲು ಹೇಳಿದ್ದೇ ನಿಜ ಅನ್ನಿಸ್ತಿತ್ತಪ್ಪ” ಎಂದು ಅಕ್ಕ ಆಕಳಿಸಿದರು.

“ಎರಡರಲ್ಲೂ ಇರೋ ಸಾಮಾನು ಒಂದೇ ಅಲ್ವಾ ಅಕ್ಕ” ಎಂದರು ಹೆಂಡತಿ. “ಜೋಡಿಸಿಕೊಳ್ಳೋದು ಗೊತ್ತಿರಬೇಕು ಅಷ್ಟೇ.”

ಮಗಳು ಕೊನೆಯ ಪುಟಕ್ಕೆ ಬಂದಳು. ಒಂದು ದಿನ ಹುಡುಗನಿಗೆ ನೆನಪು ಬಂತು. ಅವಳು ಹೊರಡುವಾಗ ನಗರದ ಗಡಿಯಾರಕ್ಕೆ ಕೊಟ್ಟಿದ್ದ ಕೀಲಿ ಮದುವೆಯ ದಿನ ಮುಗಿಯಿತು. ಗಡಿಯಾರ ನಿಂತಿತು. ಕಾವಲುಗಾರರು ಗೋಡೆಗೊರಗಿದರು. ರೊಟ್ಟಿ ಸುಡುವವನು ಹಿಟ್ಟಿನ ಮೂಟೆಯ ಮೇಲೆ ತಲೆಯಿಟ್ಟ. ಬೀದಿ ದೀಪ ಹಚ್ಚುವವಳು ಏಣಿಯ ಬುಡದಲ್ಲಿ ಮುದುರಿಕೊಂಡಳು. ಒಬ್ಬೊಬ್ಬರಾಗಿ, ಯಾರ ಅಪ್ಪಣೆಯೂ ಇಲ್ಲದೆ, ಇಡೀ ನಗರ ಮಲಗಿತು.

ಅವಳು ತಲೆಯೆತ್ತಿದಳು. ಬೀಗರು ಬೀಗಿತ್ತಿಯ ಹೆಗಲಿಗೆ ಒರಗಿದ್ದರು, ಬೀಗಿತ್ತಿ ಅವರ ತಲೆಗೆ ಒರಗಿದ್ದರು. ಅಕ್ಕನ ಬಾಯಿ ತೆರೆದಿತ್ತು. ಅಮ್ಮ ಬಾಗಿಲಿಗೆ ಆತು ನಿದ್ದೆ ಹೋಗಿದ್ದರು. ಕಿಟಕಿಯಾಚೆ ದರ್ಜಿ ದಂಪತಿಗಳ ಗೊರಕೆ ಕೇಳುತ್ತಿತ್ತು. ಮಂಪರಪ್ಪನವರಂತೂ ಪೆಟ್ಟಿಗೆ ಗೇಟು ದಾಟುವ ಮೊದಲೇ ದೋಣಿ ಹತ್ತಿದ್ದರು. ವಾರವಿಡೀ ಬಾರದ ನಿದ್ದೆ ಒಟ್ಟಿಗೆ ಬಂದಿತ್ತು. ಕೋಣೆಯಲ್ಲಿ ಎಚ್ಚರವಾಗಿದ್ದವರು ಇಬ್ಬರೇ.

“ಅಯ್ಯೋ, ಮಾವ ಕೊನೆ ಕೇಳಲೇ ಇಲ್ಲ” ಎಂದು ಕನ್ನಡಕದ ಹುಡುಗ ಪಿಸುಗುಟ್ಟಿದ. “ಎಬ್ಬಿಸಲಾ?”

“ಬೇಡ.” ಅವಳು ಅವನ ಪಕ್ಕಕ್ಕೆ ಸರಿದು ಕೂತಳು. “ನಮ್ಮಪ್ಪ ಏನು ಕೆಲಸ ಮಾಡ್ತಾರೆ ಗೊತ್ತಾ ನಿಂಗೆ?”

“ಪ್ರಕಾಶನದ ಕಡೆ…”

“ಸುಳ್ಳು ಹೇಳಿದ್ದೆ. ಮಡಚ್ತಾರೆ. ಅವರು ಮಡಚದೇ ಇದ್ದಿದ್ರೆ ಆ ಹುಡುಗ ಸತ್ತೇ ಹೋಗಿರ್ತಿದ್ದ.”

ಹುಡುಗ ಮಂಪರಪ್ಪನವರನ್ನು ಹೊಸದಾಗಿ ನೋಡಿದ. ಅವರ ಮಡಿಲಲ್ಲಿ ಒಂದು ಟವೆಲು ಬಿದ್ದಿತ್ತು. ನಿದ್ದೆಯಲ್ಲೇ ಅವರ ಕೈಗಳು ಅದನ್ನು ಮೂರು ಸಲ ಮಡಚಿ, ಅಂಚು ಕೂಡಿಸಿ, ಉಜ್ಜಿ ಪಕ್ಕಕ್ಕಿಟ್ಟವು.